ಅಫ್ಘಾನ್ ಸಾಹಿತ್ಯ ಓದುವಾಗ ನಾನು ಮೊದಲು ಕೇಳುವ ಪ್ರಶ್ನೆ

ಅಫ್ಘಾನಿಸ್ತಾನದ ಪುಸ್ತಕ ಸಿಕ್ಕರೆ ನಾನು ಮೊದಲು ನೋಡುವುದು, ಇದು ಯಾರಿಗೆ ಹೇಳಿದ ಮಾತು ಅಂತ. ಖಾಲಿದ್ ಹೊಸೇನಿ ‘ದ ಕೈಟ್ ರನ್ನರ್’ ಬರೆದದ್ದು 2003ರಲ್ಲಿ, ಇಂಗ್ಲಿಷಿನಲ್ಲಿ. ಹಾಗಾಗಿ ಅಲ್ಲಿನ ಜನಾಂಗಗಳಾದ ಪಶ್ತೂನರು ಯಾರು, ಹಜಾರರು ಯಾರು ಅಂತ ಹೊರಗಿನವರಿಗೆ ಬಿಡಿಸಿ ಹೇಳುತ್ತಾರೆ. ಅತೀಕ್ ರಹೀಮಿಯ ಕಿರುಕಾದಂಬರಿ ‘ಖಾಕೆಸ್ತರ್ ಓ ಖಾಕ್’ ದರಿ ಭಾಷೆಯದು, ಅಂದರೆ ಅಫ್ಘಾನಿಸ್ತಾನದ ಫಾರ್ಸಿಯದು, ಅಲ್ಲಿ ವಿವರಣೆ ತೀರಾ ಕಡಿಮೆ. ಮುದುಕ ದಸ್ತಗೀರ್ ಮೊಮ್ಮಗ ಯಾಸೀನನ ಜೊತೆ ಲಾರಿಗಾಗಿ ಕಾಯುತ್ತಾನೆ. ಸೋವಿಯತ್ ಬಾಂಬಿಗೆ ಊರೇ ಹೋಯಿತು ಅಂತ ಕಲ್ಲಿದ್ದಲು ಗಣಿಯಲ್ಲಿರುವ ಮಗನಿಗೆ ತಿಳಿಸಬೇಕು. ಬಾಂಬಿನ ಸದ್ದಿಗೆ ಹುಡುಗನ ಕಿವಿ ಹೋಗಿದೆ, ಆದರೆ ಅವನು ಬೇರೆಯವರೇ ದನಿ ಕಳೆದುಕೊಂಡಿದ್ದಾರೆ ಅಂದುಕೊಂಡಿದ್ದಾನೆ! ಕಥೆ ಮುದುಕನನ್ನು ‘ನೀನು’ ಅಂತಲೇ ಕರೆಯುತ್ತದೆ. ಯುದ್ಧದ ಇಸವಿಗಳನ್ನು ಬದಿಗಿಟ್ಟು ನಾನು ಆ ‘ನೀನು’ ಹಿಂದೆಯೇ ಹೋದೆ. ದುಃಖ ಹೇಳಿಕೊಳ್ಳಲು ಅವನಿಗೆ ಬಾಯಿ ಬರುತ್ತಿಲ್ಲ, ಅದಕ್ಕೇ ಯಾರೋ ಅವನ ಕಥೆಯನ್ನು ಅವನಿಗೇ ಹೇಳುತ್ತಿದ್ದಾರೆ ಅನ್ನಿಸಿತು.

ಪಶ್ತೂನರ ಪಶ್ತೋ ಭಾಷೆಯಲ್ಲಿ ಲಂಡೈ ಅನ್ನುವ ಪುಟ್ಟ ಜನಪದ ಪದ್ಯಗಳಿವೆ, ಅವುಗಳದ್ದು ಬೇರೆ ರೀತಿ. ಎರಡೇ ಸಾಲು, ಮೊದಲನೆಯದಕ್ಕೆ 9 ಅಕ್ಷರ, ಎರಡನೆಯದಕ್ಕೆ 13. ಕಟ್ಟಿದವರ ಹೆಸರಿಲ್ಲ, ದನಿ ಹೆಚ್ಚಾಗಿ ಹೆಣ್ಣಿನದು. ಇವನ್ನು ನಾನು ಒಂದೊಂದಾಗಿ ಓದುವುದಿಲ್ಲ, ಸುಮಾರು ಹತ್ತನ್ನು ಒಟ್ಟಿಗೆ, ಜೋರಾಗಿ ಓದುತ್ತೇನೆ. ಯಾಕೆಂದರೆ ಒಂದರಲ್ಲಿ ಅವಳು ಯುದ್ಧಕ್ಕೆ ಬೆನ್ನು ತೋರಿಸಿ ಬಂದ ನಲ್ಲನನ್ನು ಜರೆಯುತ್ತಾಳೆ, ಅದನ್ನಷ್ಟೇ ಓದಿದರೆ ಬರೀ ಯುದ್ಧದ ಹಾಡು ಅನ್ನಿಸುತ್ತದೆ. ಇನ್ನೊಂದರಲ್ಲಿ ಬಲವಂತಕ್ಕೆ ಕಟ್ಟಿದ ಮುದಿ ಗಂಡನನ್ನು ಹಂಗಿಸುತ್ತಾಳೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಗಂಡಸರನ್ನು ಅಳೆಯುವ ಒಂದೇ ದಿಟ್ಟ ದನಿ ಕೇಳುತ್ತದೆ. ಮಾತು ಗಂಡಸಿಗೆ, ಕೇಳಿ ನಗುವವರು ಜೊತೆಯ ಹೆಂಗಸರು. ನಮ್ಮ ಬೀಸುವ ಪದಗಳಲ್ಲೂ ಹೀಗೇ ಅಲ್ವಾ?

ಹೆರಾತ್ ನಗರದ ಕವಿ ನಾದಿಯಾ ಅಂಜುಮನ್ ಅವರನ್ನು ಓದುವವರಿಗೆ ಒಂದು ಮಾತು. ಅವರು 2005ರಲ್ಲಿ, 25ರ ಆಸುಪಾಸಿನಲ್ಲೇ, ಗಂಡನ ಹೊಡೆತಕ್ಕೆ ಸಿಕ್ಕಿ ತೀರಿಕೊಂಡರು. ಆ ಸಾವನ್ನೇ ಮುಂದಿಟ್ಟುಕೊಂಡು ಪ್ರತಿ ಸಾಲನ್ನೂ ಓದುವವರು ಜಾಸ್ತಿ, ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಮೊದಲ ಸಲ ತಾಲಿಬಾನ್ ಆಳುತ್ತಿದ್ದಾಗ ಹೆರಾತಿನ ಹೆಂಗಸರು ಹೊಲಿಗೆ ಕ್ಲಾಸಿನ ನೆಪದಲ್ಲಿ ಸಾಹಿತ್ಯ ಓದಲು ಸೇರುತ್ತಿದ್ದರು, ಬ್ಯಾಗಿನಲ್ಲಿ ಮೇಲೆ ಬಟ್ಟೆ, ಅಡಿಯಲ್ಲಿ ಪುಸ್ತಕ. ಅಂಜುಮನ್ ಬೆಳೆದದ್ದು ಅಂಥ ಕೇಳುಗರ ನಡುವೆ, ಹಳೆಯ ಫಾರ್ಸಿ ಕಾವ್ಯ ಓದಿಕೊಂಡವರ ನಡುವೆ. ಹಾಗಾಗಿ ನಾನು ಮೊದಲು ಹಳೆಯ ಫಾರ್ಸಿ ಕವಿ ಹಾಫಿಜ್‌ನನ್ನು ಒಂದಿಷ್ಟು ಓದಿಕೊಂಡು ಆಮೇಲೆ ಇವರ ಗಜಲ್‌ಗಳಿಗೆ ಬಂದೆ. ಪಂಜರದ ಹಕ್ಕಿ ಆ ಕಾವ್ಯದಲ್ಲಿ ನೂರಾರು ವರ್ಷಗಳಿಂದ ಇದೆ. ಇವರ ಕೈಯಲ್ಲಿ ಅದು ಮನೆಯೊಳಗೆ ಕೂಡಿಹಾಕಿದ ಹುಡುಗಿಯ ಮಾತಾಯಿತು.