ಗೆರೆ ಗಾಜು ಹಾಕಿಸ್ತೀರಾ? ಮೊದಲು ಒಂದು ತುಂಡು ಮನೆಗೆ ತನ್ನಿ

ಮೈಸೂರಲ್ಲಿ 30x40 ಸೈಟಿನ ಮನೆ ಇರೋರಿಗೆ ಈ ಕಷ್ಟ ಹೇಳೋದೇ ಬೇಡ, ಪಕ್ಕದ ಮನೆ ಗೋಡೆ ಕೈ ಚಾಚಿದ್ರೆ ಸಿಗುತ್ತೆ, ಹಿಂದಿನ ಮನೆಯವ್ರು ಮೇಲೊಂದು ಫ್ಲೋರ್ ಎತ್ತಿದ್ರಂತೂ ಮುಗೀತು, ಕುವೆಂಪುನಗರದ ನಮ್ಮ ಮನೆ ಡೈನಿಂಗ್‌ನಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕ್ಕೊಂಡೇ ಊಟ ಮಾಡ್ತಿದ್ವಿ. ಅಡುಗೆಮನೆ ಗೋಡೆ ಒಡೆದು ಓಪನ್ ಕಿಚನ್ ಮಾಡ್ಸೋಣ ಅಂದ್ರೆ ನಮ್ಮತ್ತೆ "ಬಂದೋರಿಗೆಲ್ಲ ಸಿಂಕಲ್ಲಿರೋ ಮುಸುರೆ ತೋರಿಸ್ಬೇಕಾ" ಅಂತ ಒಂದೇ ಮಾತಲ್ಲಿ ಮುಗಿಸಿದ್ರು. ಆಗ ಮಂಡ್ಯ ಕಡೆಯಿಂದ ಬರೋ ನಮ್ಮ ಕಾರ್ಪೆಂಟರ್ ಹೇಳಿದ್ದು, "ಅಕ್ಕೋ, ಗೆರೆ ಗ್ಲಾಸು ಹಾಕ್ಬುಡವ, ಬೆಳ್ಕೂ ಬತ್ತದೆ, ಪಾತ್ರೆನೂ ಕಾಣಾಕಿಲ್ಲ."

ಅವ್ರು ಹೇಳಿದ್ದು ಫ್ಲೂಟೆಡ್ ಗ್ಲಾಸ್. ಅಂಗಡಿಯಲ್ಲಿ ರೀಡೆಡ್, ರಿಬ್ಡ್ ಅಂತಾನೂ ಅಂತಾರೆ, ಎಲ್ಲಾ ಹೆಚ್ಚುಕಮ್ಮಿ ಒಂದೇ. ಬೆಳಕು ಬರುತ್ತೆ ಅನ್ನೋದು ಪೂರ್ತಿ ನಿಜ, ಪಾತ್ರೆ ಕಾಣಲ್ಲ ಅನ್ನೋದು ಅರ್ಧ ನಿಜ. ಆ ಇನ್ನರ್ಧ ಗೊತ್ತಿಲ್ಲದೆ ದುಡ್ಡು ಹಾಕಿದ್ರೆ ಆಮೇಲೆ ಗಾಜಿನ ಹಿಂದೆ ಪರದೆ ಕಟ್ಕೊಂಡು ಕೂರ್ಬೇಕಾಗುತ್ತೆ.

ಕರಗಿದ ಗಾಜನ್ನ ಎರಡು ರೋಲರ್ ಮಧ್ಯೆ, ಚಪಾತಿ ಲಟ್ಟಿಸ್ದಂಗೆ, ಹಾಯಿಸ್ತಾರೆ, ಒಂದು ರೋಲರ್ ಮೇಲೆ ಗೆರೆ ಕೊರೆದಿರುತ್ತೆ, ಇನ್ನೊಂದು ನುಣುಪು. ಹಾಗಾಗಿ ಗಾಜಿನ ಒಂದು ಮುಖದಲ್ಲಿ ಗೆರೆ, ಇನ್ನೊಂದು ಮುಖ ನಯ. ಹಳೇ ಮನೆಗಳ ಬಾತ್‌ರೂಂ ವೆಂಟಿಲೇಟರಲ್ಲಿ ಚುಕ್ಕಿಚುಕ್ಕಿ ಪಿನ್‌ಹೆಡ್ ಗಾಜು ಇರ್ತಿತ್ತಲ್ಲ, ಅದೂ ಇದೇ ಜಾತಿ. ಒಂದೊಂದು ಗೆರೆನೂ ಒಂದು ಉದ್ದನೆ ಲೆನ್ಸ್ ಇದ್ದಂಗೆ, ಆಚೆ ಇರೋದನ್ನ ಅಡ್ಡಡ್ಡಕ್ಕೆ ಎಳೆದು ಕಲಸಿಬಿಡುತ್ತೆ. ಆದ್ರೆ ಕಲಸೋದು ದೂರ ಇರೋದನ್ನ ಮಾತ್ರ! ಗಾಜಿಗೆ ಅಂಟಿಸಿ ಒಂದು ಚೊಂಬು ಇಟ್ಟು ನೋಡಿ, ಚೆನ್ನಾಗೇ ಕಾಣುತ್ತೆ, ಒಂದಡಿ ಹಿಂದಕ್ಕೆ ಸರಿಸಿದ್ರೆ ಬರೀ ಬೆಳ್ಳಿ ಬಣ್ಣದ ಗೀಟು.

ಅದಕ್ಕೇ ಮೊದಲನೇ ಕೆಲಸ, ಅಂಗಡಿಯಿಂದ ಸ್ಯಾಂಪಲ್ ತರೋದು. ಮೊಬೈಲ್ ಫೋಟೋ ನೋಡಿ ಆರ್ಡರ್ ಕೊಡ್ಬೇಡಿ. ಒಂದಡಿ ತುಂಡು ತಂದು ಎಲ್ಲಿ ಹಾಕಿಸ್ಬೇಕೋ ಅಲ್ಲೇ ಹಿಡಿದು, ಆಚೆ ಕಡೆ ಮನೆಯವ್ರನ್ನ ನಿಲ್ಸಿ, ಬೆಳಿಗ್ಗೆ ಒಂದ್ಸಲ ನೋಡಿ, ರಾತ್ರಿ ಒಳಗೆ ಲೈಟ್ ಹಾಕಿ ಹೊರಗೆ ಆರಿಸಿ ಇನ್ನೊಂದ್ಸಲ ನೋಡಿ. ರಾತ್ರಿ ಪರೀಕ್ಷೆಯಲ್ಲೇ ಗುಟ್ಟು ರಟ್ಟಾಗೋದು, ಯಾವ ಕಡೆ ಲೈಟ್ ಇದೆಯೋ ಆ ಕಡೆಯವ್ರ ಆಕಾರ, ಸೀರೆ ಬಣ್ಣ, ಓಡಾಟ ಎಲ್ಲಾ ಗೊತ್ತಾಗುತ್ತೆ. ಡೈನಿಂಗ್‌ಗೆ ಅಷ್ಟು ಕಂಡ್ರೆ ಏನೂ ನಷ್ಟ ಇಲ್ಲ. ಬೆಡ್‌ರೂಂ ಬಾಗಿಲಿಗೆ, ಬಾತ್‌ರೂಂ ಬಾಗಿಲಿಗೆ ಮಾತ್ರ ನಾನು ಬೇಡ ಅಂತೀನಿ, ಅಲ್ಲಿ ಪೂರ್ತಿ ಮಬ್ಬಾಗಿರೋ ಫ್ರಾಸ್ಟೆಡ್ ಗಾಜು ಹಾಕಿಸ್ಕೊಳಿ.

ಬಾತ್‌ರೂಂ ಒಳಗಡೆ ಶವರ್ ಪಾರ್ಟಿಷನ್‌ಗೆ ಹಾಕಿಸೋದಾದ್ರೆ ಗೆರೆ ಇರೋ ಮುಖ ಒಣಗಿರೋ ಕಡೆಗೆ ಬರ್ಲಿ. ಗೆರೆ ಮೇಲೆ ನೀರು ಬಿದ್ರೆ ತಗ್ಗೆಲ್ಲಾ ನೀರು ತುಂಬಿ ಗಾಜು ಅಷ್ಟಷ್ಟು ತಿಳಿಯಾಗ್ತಾ ಹೋಗುತ್ತೆ, ಮರೆಯಾಗ್ಬೇಕಾದ ಹೊತ್ತಲ್ಲೇ ಕಾಣೋಕೆ ಶುರು. ಅದೂ ಅಲ್ದೆ ಬೋರ್ ನೀರು ಬರೋ ಮನೆಗಳಲ್ಲಿ ಗೆರೆ ಸಂದಿಯಲ್ಲಿ ಬಿಳಿ ಕಲೆ ಕೂತ್ರೆ ಉಜ್ಜಿ ಉಜ್ಜಿ ಸಾಕಾಗುತ್ತೆ.

ಗೆರೆ ಅಗಲ ನೋಡೋಕೆ ಹತ್ತು ನಿಮಿಷ ಸಾಕು. ಕಿಚನ್ ಶಟರ್ (ಕಪಾಟಿನ ಬಾಗಿಲು), ಕ್ರಾಕರಿ ಯೂನಿಟ್ ಥರ ಚಿಕ್ಕದಕ್ಕೆ ಸಣ್ಣ ಗೆರೆ, ಆಳೆತ್ತರದ ಪಾರ್ಟಿಷನ್‌ಗೆ ಅಗಲ ಗೆರೆ ಒಪ್ಪುತ್ತೆ, ಅಷ್ಟೇ.

ದಪ್ಪದ ವಿಷ್ಯ ಮಾತ್ರ ಚೌಕಾಸಿಗೆ ಬಿಡೋ ಹಾಗಿಲ್ಲ. ನಾಲ್ಕು ಕಡೆ ಫ್ರೇಮ್ ಇರೋ ಶಟರ್‌ಗೆ 4 ಅಥವಾ 5 ಎಂಎಂ ಸಾಕು. ಬಾಗಿಲು, ದೊಡ್ಡ ಪಾರ್ಟಿಷನ್ ಅಂದ್ರೆ 8 ಎಂಎಂ ಟಫನ್ಡ್ ಕೇಳಿ. ತೂಕನೂ ಲೆಕ್ಕ ಹಾಕ್ಕೊಳಿ, ಗಾಜು ಒಂದು ಚದರ ಮೀಟರಿಗೆ ಪ್ರತಿ ಎಂಎಂಗೆ ಎರಡೂವರೆ ಕೆಜಿ ತೂಗುತ್ತೆ, ಅಂದ್ರೆ 8 ಎಂಎಂ ಗಾಜು ಮೂರಡಿ ಅಗಲ ಏಳಡಿ ಎತ್ತರ ಇದ್ರೆ ಹತ್ತಿರತ್ತಿರ 40 ಕೆಜಿ, 25 ಕೆಜಿಯ ಒಂದೂವರೆ ಮೂಟೆ ಅಕ್ಕಿ ನೇತುಹಾಕಿದಂಗೆ, ಅದನ್ನ ಹೊರೋ ಸ್ಲೈಡಿಂಗ್ ಚಾನಲ್ಲು ರೋಲರ್ರು ಆ ತೂಕಕ್ಕೆ ಆಗುತ್ತಾ ಅಂತ ಮೊದಲೇ ಕೇಳ್ಬೇಕು.

ಟಫನ್ಡ್ ಯಾಕೆ ಅಂದ್ರೆ ಮಾಮೂಲಿ ಗಾಜು ಒಡೆದ್ರೆ ಕತ್ತಿ ಥರ ಸೀಳಾಗುತ್ತೆ, ಟಫನ್ಡ್ ಒಡೆದ್ರೆ ಕಲ್ಲುಸಕ್ಕರೆ ಥರ ಪುಡಿಪುಡಿ ಉದುರುತ್ತೆ. 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಗಾಳಿ ಹೊಡೆದು ತಟ್ಟನೆ ತಣ್ಣಗೆ ಮಾಡ್ತಾರೆ, ಅದ್ರಿಂದ ನಾಲ್ಕೈದು ಪಟ್ಟು ಗಟ್ಟಿಯಾಗುತ್ತೆ. ಆದ್ರೆ ಒಂದ್ಸಲ ಟಫನ್ ಆದ ಮೇಲೆ ಅದನ್ನ ಕತ್ತರಿಸೋಕಾಗಲ್ಲ, ತೂತು ಕೊರೆಯೋಕಾಗಲ್ಲ, ಒಂದು ಎಂಎಂ ಉಜ್ಜೋಕೂ ಆಗಲ್ಲ. ಹ್ಯಾಂಡಲ್ ತೂತು, ಹಿಂಜ್ ತೂತು ಎಲ್ಲಾ ಮೊದಲೇ ಹೇಳ್ಬೇಕು.

ಅಳತೆಗೆ ಬರೋಣ, ನಾನು ಎಡವಿದ್ದೇ ಇಲ್ಲಿ. ಫ್ರೇಮ್ ಪೂರ್ತಿ ಕೂರಿಸಿದ ಮೇಲೇ ಅಳೀಬೇಕು, ಡ್ರಾಯಿಂಗ್ ನೋಡಿ ಅಲ್ಲ. ಅಗಲ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಎತ್ತರನೂ ಮೂರು ಕಡೆ, ಸಿಕ್ಕಿದ್ರಲ್ಲಿ ಚಿಕ್ಕದನ್ನ ಹಿಡ್ಕೊಂಡು ಪ್ರತಿ ಬದಿಗೆ ಎರಡು ಮೂರು ಎಂಎಂ ಬಿಡಿ. ಆಮೇಲೆ ಒಂದು ಹಾಳೆಯಲ್ಲಿ ಚೌಕ ಬರೆದು, ಅಗಲ ಯಾವುದು ಎತ್ತರ ಯಾವುದು ಅಂತ ಬರೆದು, ಗೆರೆ ಹೋಗೋ ದಿಕ್ಕಿಗೆ ಬಾಣ ಹಾಕಿ, ನಯವಾದ ಮುಖ ಯಾವ ಕಡೆ ಅಂತಾನೂ ಬರೀರಿ. ನಾನು ಏನ್ ಮಾಡ್ದೆ, ಕ್ರಾಕರಿ ಶಟರ್‌ಗೆ "18x30, ಎರಡು ಪೀಸ್" ಅಂತ ವಾಟ್ಸಾಪ್ ಹಾಕ್ದೆ ಅಷ್ಟೇ. ಅಂಗಡಿಯವ್ರು ಶೀಟಲ್ಲಿ ಹೇಗೆ ಕೂತ್ಕೊಳುತ್ತೋ ಹಾಗೆ ಕತ್ತರಿಸಿದ್ರು, ಒಂದ್ರಲ್ಲಿ ಗೆರೆ ಉದ್ದಕ್ಕೆ, ಇನ್ನೊಂದ್ರಲ್ಲಿ ಅಡ್ಡಕ್ಕೆ! ಟಫನ್ ಬೇರೆ ಆಗಿತ್ತು. ನಮ್ಮ ಕಾರ್ಪೆಂಟರ್ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ "ಇದು ಗಂಡ, ಇದು ಎಡ್ತಿ, ಒಂದ್ ಮಾತ್ಗೂ ಒಂದ್ ಕಿತ ಒಂದಾಗಾಕಿಲ್ಲ" ಅಂದ್ರು. ತಪ್ಪು ನಂದೇ, ಹೊಸ ಪೀಸಿಗೆ ಮತ್ತೆ ದುಡ್ಡು ಕೊಟ್ಟೆ.

ಬಿಲ್ಲಿನ ಬಗ್ಗೆ ಒಂದು ಮಾತು. ರೇಟು ಚದರಡಿಗೆ ಹೇಳ್ತಾರೆ, ಆದ್ರೆ ಸುಮಾರು ಅಂಗಡಿಗಳಲ್ಲಿ ಅಳತೆಯನ್ನ ಮುಂದಿನ ಮೂರು ಅಥವಾ ಆರು ಇಂಚಿಗೆ ಏರಿಸಿ ಲೆಕ್ಕ ಹಾಕ್ತಾರೆ, 19 ಇಂಚು ಇದ್ರೆ 21ಕ್ಕೋ 24ಕ್ಕೋ ದುಡ್ಡು. ಫ್ರೇಮ್ ಮಾಡ್ಸೋಕೂ ಮುಂಚೆ ಇದನ್ನ ಕೇಳ್ಕೊಂಡ್ರೆ ಒಂದಿಂಚು ಆಚೆ ಈಚೆ ಮಾಡಿ ಉಳಿಸ್ಬಹುದು. ಟಫನಿಂಗ್, ಪಾಲಿಶ್, ಸಾಗಾಣಿಕೆ ರೇಟಲ್ಲಿ ಸೇರಿದ್ಯಾ ಅಂತಾನೂ ಕೇಳಿ.

ಗಾಜು ಬಂದ ದಿನ ಮನೆಯಲ್ಲಿ ಯಾರಾದ್ರೂ ಇರ್ಬೇಕು. ಅಂಚು ಪಾಲಿಶ್ ಆಗಿದ್ಯಾ, ಮೂಲೆ ಚಿಪ್ಪೆದ್ದಿದ್ಯಾ, ಟಫನ್ಡ್ ಅನ್ನೋ ಮಾರ್ಕ್ ಮೂಲೆಯಲ್ಲಿದ್ಯಾ ನೋಡಿ, ನಮ್ಮ ದೇಶದ ಸೇಫ್ಟಿ ಗಾಜಿನ ಸ್ಟ್ಯಾಂಡರ್ಡ್ ನಂಬರು ಐಎಸ್ 2553. ಬರೀ ನೆಲಕ್ಕೆ ನಿಲ್ಲಿಸೋಕೆ ಬಿಡ್ಬೇಡಿ, ಗೋಣಿಚೀಲ ಇಲ್ಲಾ ಪ್ಲೈವುಡ್ ಹಾಸಿ. ಟಫನ್ಡ್ ಗಾಜಿನ ಹೊಟ್ಟೆಗೆ ಗುದ್ದಿದ್ರೂ ತಡ್ಕೊಳುತ್ತೆ, ಮೂಲೆ ಗ್ರಾನೈಟಿಗೆ ಟಕ್ ಅಂದ್ರೆ ಪೂರ್ತಿ ಗಾಜೇ ಉದುರಿಹೋಗುತ್ತೆ.

ಕೂರಿಸೋವಾಗ ಕೆಳಗೆ ಎರಡು ರಬ್ಬರ್ ತುಂಡು ಇಟ್ಟು ಅದ್ರ ಮೇಲೆ ಗಾಜು ನಿಲ್ಲಿಸ್ಬೇಕು, ಮರ ಅಥವಾ ಅಲ್ಯೂಮಿನಿಯಂಗೆ ನೇರವಾಗಿ ತಾಗ್ಬಾರ್ದು. ಬೀಡಿಂಗ್, ಅಂದ್ರೆ ಗಾಜು ಹಿಡಿಯೋ ಪಟ್ಟಿ, ಹೊಡೆದ ಮೇಲೂ ಗೆರೆ ಇರೋ ಮುಖದಲ್ಲಿ ಸಣ್ಣ ಸಣ್ಣ ಸಂದಿ ಉಳಿಯುತ್ತೆ, ಜಿರಳೆ ಮರಿಗೆ ಅಷ್ಟು ದಾರಿ ಸಾಕು, ಕ್ಲಿಯರ್ ಸಿಲಿಕಾನ್ ಎಳೆದು ಮುಚ್ಚಿಸಿ. ಶಟರ್‌ನಲ್ಲಿ ಗೆರೆ ಒಳಗೆ, ನಯ ಹೊರಗೆ ಇರ್ಲಿ, ಒಗ್ಗರಣೆ ಜಿಡ್ಡು ಒಂದು ಒದ್ದೆ ಬಟ್ಟೆಯಲ್ಲಿ ಹೋಗುತ್ತೆ. ಮುಟ್ಟಿದ್ರೆ ಗೆರೆ ಸಿಗ್ಬೇಕು, ಅದೇ ಚೆಂದ ಅನ್ನೋರೂ ಇದ್ದಾರೆ, ಅವ್ರ ಮನೆಯಲ್ಲಿ ದಿನಾ ಒಗ್ಗರಣೆ ಹಾಕಲ್ಲ ಅಂತ ಕಾಣುತ್ತೆ. ಒಳಗೆ ಡಬ್ಬಗಳನ್ನ ಗಾಜಿಗೆ ತಾಗಿಸಿ ಜೋಡಿಸ್ಬೇಡಿ, ನಾಲ್ಕಿಂಚಾದ್ರೂ ಹಿಂದಕ್ಕಿಡಿ, ಇಲ್ಲಾಂದ್ರೆ ಹಾರ್ಲಿಕ್ಸ್ ಬಾಟ್ಲಿ ಲೇಬಲ್ ಸಮೇತ ಕಾಣುತ್ತೆ.

ದೇವರಮನೆ ಬಾಗಿಲಿಗೆ ಇದು ನಿಜಕ್ಕೂ ಸೊಗಸು. ಸಂಜೆ ದೀಪ ಹಚ್ಚಿದ್ರೆ ಒಂದು ದೀಪ ಗೆರೆಗೆರೆಯಲ್ಲೂ ಹರಡ್ಕೊಂಡು ಸಾಲು ದೀಪ ಇಟ್ಟಂಗೆ ಕಾಣುತ್ತೆ. ಅರಮನೆ ಕಲ್ಯಾಣ ಮಂಟಪದಲ್ಲಿ ಕತ್ತೆತ್ತಿ ನವಿಲಿನ ಬಣ್ಣದ ಗಾಜು ನೋಡಿದ್ದೀರಲ್ಲ, ಗ್ಲಾಸ್ಗೋದಿಂದ ತರಿಸಿದ್ದು, ಅಷ್ಟು ವೈಭವ ಇದ್ರಲ್ಲಿ ಇಲ್ಲ ಬಿಡಿ, ಆದ್ರೂ ನಮ್ಮ ಬಜೆಟ್ಟಿಗೆ ಇದೇ ಕಲ್ಯಾಣ ಮಂಟಪ. ದೀಪ ಮಾತ್ರ ಗಾಜಿನಿಂದ ದೂರ ಇರ್ಲಿ, ಟಫನ್ ಮಾಡಿಸದ ಗಾಜು ಒಂದೇ ಕಡೆ ಬಿಸಿಯಾದ್ರೆ ಸೀಳುಬಿಡುತ್ತೆ.

ಬಾಡಿಗೆ ಮನೆಯವ್ರು ಗೆರೆ ಇರೋ ಫಿಲ್ಮ್ ತಂದು ಇರೋ ಗಾಜಿಗೇ ಅಂಟಿಸ್ಬಹುದು. ಸೋಪಿನ ನೀರು ಸ್ಪ್ರೇ ಮಾಡಿ, ಫಿಲ್ಮ್ ಕೂರಿಸಿ, ನಡುವಿನಿಂದ ಅಂಚಿಗೆ ನೀರು ತಳ್ಳಿದ್ರೆ ಆಯ್ತು. ಖಾಲಿ ಮಾಡೋವಾಗ ಕಿತ್ಕೊಂಡು ಹೋಗಿ.

ಕ್ಲೀನಿಂಗ್‌ಗೆ ಸೋಪಿನ ನೀರು, ಮೆತ್ತನೆ ಬ್ರಷ್ಷು, ಗೆರೆ ಹೋದ ಕಡೆಗೇ ಮೇಲಿಂದ ಕೆಳಕ್ಕೆ. ಪಾತ್ರೆ ಉಜ್ಜೋ ಸ್ಟೀಲ್ ನಾರು ಹತ್ತಿರಕ್ಕೂ ತರ್ಬೇಡಿ.

ನಮ್ಮ ಡೈನಿಂಗ್‌ನಲ್ಲಿ ಅಡುಗೆಮನೆ ಗೋಡೆ ಜಾಗಕ್ಕೆ ಈ ಗಾಜು ಬಂದ ಮೇಲೆ ಹಗಲು ಲೈಟ್ ಹಾಕಲ್ಲ, ಸಿಂಕು ಆಚೆ ಕಡೆ ಎಂಟಡಿ ದೂರ ಇರೋದ್ರಿಂದ ಮುಸುರೆನೂ ಕಾಣಲ್ಲ. ಆ ಅಡ್ಡ ಗೆರೆ ಪೀಸು ಟೆರೇಸ್ ಮೇಲಿದೆ, ನಯವಾದ ಮುಖ ಮೇಲೆ ಮಾಡಿ ನಮ್ಮತ್ತೆ ಅದ್ರ ಮೇಲೆ ಸಂಡಿಗೆ ಇಡ್ತಾರೆ, ಪ್ಲಾಸ್ಟಿಕ್ ಶೀಟಿಗಿಂತ ಸಲೀಸಾಗಿ ಏಳುತ್ತಂತೆ, ಇನ್ನೊಂದು ಪೀಸ್ ತಪ್ಪಾಗಿ ಬಂದಿದ್ರೆ ಹಪ್ಪಳಕ್ಕೂ ಆಗ್ತಿತ್ತು ಅಂತ ಮೊನ್ನೆ ಹೇಳ್ತಿದ್ರು.