ಇರುವೆ ಲೆಕ್ಕದಲ್ಲಿ ನಡೆಯುವ ಬೋರು

ಕಲಬುರಗಿ ಜಿಲ್ಲೆಯ ಆಳಂದ ಕಡೆ ಕೆಳಗೆಲ್ಲ ಕರಿಕಲ್ಲು. ನೀರಿರುವುದು ಬಿರುಕಿನಲ್ಲಿ ಮಾತ್ರ. ನಮ್ಮ ಬೋರಿನಲ್ಲಿ ಅರ್ಧ ಗಂಟೆ ಎತ್ತಿದರೆ ಖಾಲಿ, ಮತ್ತೆ ಜಿನುಗಿ ತುಂಬಲು ಹೊತ್ತು ಬೇಕು. ಇಂಥ ಬೋರಿಗೆ ಟೈಮರ್ ಆಗಿಬರುವುದಿಲ್ಲ. ಬೇಸಿಗೆಗೆ ಹೊಂದಿಸಿದರೆ ಮಳೆಗಾಲದಲ್ಲಿ ನೀರಿದ್ದೂ ಸುಮ್ನೆ ಕೂರುತ್ತದೆ. ಮಳೆಗಾಲಕ್ಕೆ ಹೊಂದಿಸಿದ್ದನ್ನು ಹಾಗೇ ಬಿಟ್ಟರೆ ಏಪ್ರಿಲ್‌ನಲ್ಲಿ ಮೋಟರ್ ಸುಡುತ್ತದೆ. ರಿವೈಂಡಿಂಗ್‌ಗೆ ಆರೇಳು ಸಾವಿರ, ಪೈಪ್ ಎತ್ತಿ ಇಳಿಸುವ ಕೂಲಿ ಬೇರೆ. ನೀರಿನ ಮಟ್ಟ ತಿಳಿಯಲು ಒಳಗೆ ಬಿಟ್ಟ ಎಲೆಕ್ಟ್ರೋಡಿಗೂ ಸುಣ್ಣ ಕಟ್ಟಿತು.

ದಾರಿ ಸಿಕ್ಕಿದ್ದು ಇರುವೆಯಿಂದ. ಮರಳುಗಾಡಿನಲ್ಲಿ ಕಾಳು ಆಯುವ ಕೆಂಪಿರುವೆಗಳ ಮೇಲೆ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳಾದ ಡೆಬೊರಾ ಗಾರ್ಡನ್, ಬಾಲಾಜಿ ಪ್ರಭಾಕರ್ ಮತ್ತು ಜೊತೆಯವರು 2012ರಲ್ಲಿ ಬರೆದಿದ್ದಾರೆ. ಹೋದವು ಕಾಳು ಹೊತ್ತು ಬೇಗ ಬೇಗ ಬಂದರೆ ಗೂಡಿನಿಂದ ಜಾಸ್ತಿ ಇರುವೆ ಹೊರಡುತ್ತವೆ. ತಡವಾದರೆ ಹೊರಡುವುದೂ ಕಡಿಮೆ. ಅಪ್ಪಣೆ ಕೊಡುವವರು ಯಾರೂ ಇಲ್ಲ.

ಅದನ್ನೇ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಇಳಿಸಿದೆ. ಹಿಂದಿನ ಸಲ ನೀರು ಜಾಸ್ತಿ ಹೊತ್ತು ಬಂದಿದ್ದರೆ ಮುಂದಿನ ಬಿಡುವು ಚಿಕ್ಕದು, ಬೇಗ ನಿಂತಿದ್ದರೆ ದೊಡ್ಡದು. ‘ಇರುವಿ ನೋಡಿ ಮೋಟರ್ ನಡಸ್ತೀಯೇನೋ ತಮ್ಮಾ?’ ಅಂದರು ಕಾಕಾ. ಪೇಟೆಯ ಪ್ಯಾನಲ್ ಅಂಗಡಿಯವರೂ ಆಗದು ಅಂದರು. ಎರಡು ಬೇಸಿಗೆ ಕಳೆದವು, ಮೋಟರ್ ಒಮ್ಮೆಯೂ ಮೇಲೆ ಬಂದಿಲ್ಲ. ಖರ್ಚು ಎರಡೂವರೆ ಸಾವಿರದ ಆಸುಪಾಸು.

ಬೋರಿನಲ್ಲಿ ನೀರು ಮುಗಿದದ್ದನ್ನು ಪತ್ತೆ ಹಚ್ಚುವುದೇ ಕಷ್ಟ. ನಮ್ಮ 5 ಎಚ್‌ಪಿ ಮೋಟರ್ ನೀರಿದ್ದಾಗ ಒಂಬತ್ತು ಆಂಪ್ಸ್ ಎಳೆಯುತ್ತದೆ, ಒಣಗಿದರೆ ಆರಕ್ಕೆ ಇಳಿಯುತ್ತದೆ. ಆದರೆ ವೋಲ್ಟೇಜ್ ಏರಿಳಿದರೆ ಆಂಪ್ಸೂ ಕುಣಿಯುತ್ತದೆ, ನಂಬುವ ಹಾಗಿಲ್ಲ. ಪವರ್ ಫ್ಯಾಕ್ಟರ್ ನೋಡಿ, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬೀಳುವ ಪಾಲು. ಒಣಗಿದ ಪಂಪಿನಲ್ಲಿ ಅದು ದಬಕ್ಕನೆ ಬೀಳುತ್ತದೆ. ಎಷ್ಟಕ್ಕೆ ಕಟ್ ಮಾಡುತ್ತೇನೆ, ಸ್ಟಾರ್ಟ್ ಆದಮೇಲೆ ಎಷ್ಟು ಸೆಕೆಂಡ್ ಕಾಯುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಬಟನ್ ಸೆಲ್ ಇರುವ ಗಡಿಯಾರದ ಚಿಪ್ ಮಾತ್ರ ಬಿಡಬೇಡಿ. ಕರೆಂಟ್ ಹೋದಾಗಲೂ ಬೋರು ತುಂಬುತ್ತಿರುತ್ತದೆ, ಅಲ್ವಾ? ಆ ಹೊತ್ತೂ ಬಿಡುವಿನ ಲೆಕ್ಕಕ್ಕೆ ಸೇರಬೇಕು. ಬೋರ್ಡಿನ ಹಳೆಯ ನೆನಪನ್ನು ದಿನದಿನ ಸವೆಸುತ್ತೇನೆ, ಇರುವೆ ಬಿಟ್ಟ ವಾಸನೆ ಆರುವ ಹಾಗೆ. ಇಲ್ಲದಿದ್ದರೆ ಜುಲೈ ಮಳೆ ಬಿದ್ದಮೇಲೂ ಅದು ಮೇ ತಿಂಗಳ ಭಯದಲ್ಲೇ ಇರುತ್ತದೆ.

ಪಕ್ಕದ ಹೊಲದ ಬೋರಿಗೂ ಇಂಥದ್ದೇ ಒಂದು ಬೋರ್ಡ್ ಹಾಕಿ, ಒಂದು ನಿಂತರೆ ಇನ್ನೊಂದು ಹೊರಡಲಿ ಅಂತ ರೇಡಿಯೋದಲ್ಲಿ ಜೋಡಿಸಿದೆ. ಎರಡೂ ಬೇಗ ಒಣಗಿದವು, ಬಿರುಕು ಒಂದೇ ಇರಬೇಕು. ಈಗ ಒಂದು ಒಣಗಿದರೆ ಎರಡೂ ಬಿಡುವು ಹಿಗ್ಗಿಸುತ್ತವೆ. ತೊಟ್ಟಿಗೆ ಬೀಳುವ ನೀರು ಮೊದಲಿನಷ್ಟೇ, ಸ್ಟಾರ್ಟ್ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ.