ಎಡವುವ ಕ್ವಾರ್ಟರ್‌ಬ್ಯಾಕ್‌ಗೆ ಜೊತೆಗಾರರು ನೆರವಾಗಬಲ್ಲರೇ? ಪರಿಶೀಲಿಸುವ ಬಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ಜೊತೆಗಾರರಿಗೆ ಚೆಂಡು ಎಸೆಯುವ ಆಟಗಾರ) ಸೋಲುತ್ತಿದ್ದಾಗ ತಪ್ಪು ಅವನದೋ ತಂಡದ್ದೋ ಎಂದು ತಿಳಿಯಲು, ಪಂದ್ಯವನ್ನು ಇನ್ನೊಮ್ಮೆ ಹಾಕಿಕೊಂಡು, ಚೆಂಡು ಅವನ ಕೈಸೇರಿದ ಕ್ಷಣದಿಂದ ಸೆಕೆಂಡುಗಳನ್ನು ಎಣಿಸಿರಿ. ಎರಡು ಸೆಕೆಂಡಿನೊಳಗೇ ಎದುರಾಳಿಗಳು ಮೈಮೇಲೆ ಬೀಳುತ್ತಿದ್ದರೆ ದೂರು ಮುಂದಿನ ಐವರು ತಡೆಗಾರರ ಮೇಲಿರಬೇಕು. ನಾಲ್ಕು ಸೆಕೆಂಡು ಚೆಂಡು ಹಿಡಿದು ನಿಂತು ನೆಲಕ್ಕುರುಳಿದರೆ ಅದು ಬಹುಪಾಲು ಅವನದೇ ತಪ್ಪು. 2002ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಡೇವಿಡ್ ಕಾರ್ 76 ಬಾರಿ ಎದುರಾಳಿಗಳ ಕೈಯಲ್ಲಿ ನೆಲಕ್ಕುರುಳಿದರು.

ಆಮೇಲೆ ಎಸೆತ ತಲುಪಿದ ಜಾಗವನ್ನು ನೋಡಿರಿ. ಎದೆಮಟ್ಟಕ್ಕೆ ಬಂದ ಚೆಂಡನ್ನು ರಿಸೀವರ್ (ಎಸೆತ ಹಿಡಿಯುವ ಜೊತೆಗಾರ) ಹಿಡಿಯದೆ ಬಿಟ್ಟರೆ ಹೊಸ ರಿಸೀವರ್‌ನಿಂದ ಪ್ರಯೋಜನವುಂಟು. ಬಿಡುವಾಗಿ ಓಡುತ್ತಿದ್ದವನ ಬೆನ್ನ ಹಿಂದೆ ಚೆಂಡು ಬಿದ್ದರೆ ಯಾರನ್ನು ತಂದರೂ ಅಷ್ಟೆ.

ಬಫಲೋ ಬಿಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜಾಶ್ ಆ್ಯಲನ್ ಎಸೆತಗಳಲ್ಲಿ 2018ರಲ್ಲಿ ಶೇ. 52.8ರಷ್ಟು, 2019ರಲ್ಲಿ ಶೇ. 58.8ರಷ್ಟು ಗುರಿ ತಲುಪಿದ್ದವು. ರಿಸೀವರ್ ಸ್ಟೆಫಾನ್ ಡಿಗ್ಸ್ ಬಂದ 2020ರಲ್ಲಿ ಅದು ಶೇ. 69.2ಕ್ಕೆ ಏರಿತು. ಡಿಗ್ಸ್ ಒಬ್ಬರೇ 127 ಚೆಂಡು ಹಿಡಿದರೆಂಬುದು ನಿಜ, ಆದರೆ ಆ್ಯಲನ್ ತಮ್ಮ ಎಸೆಯುವ ಶೈಲಿಯನ್ನೂ ತಿದ್ದಿಕೊಂಡಿದ್ದರು, ಮತ್ತು ಏರಿಕೆ ಡಿಗ್ಸ್ ಬರುವ ಮೊದಲೇ ಆರಂಭವಾಗಿತ್ತು. ಹಾಗಾಗಿ ಜೊತೆಗಾರರು ಬದಲಾದ ವರ್ಷ ತರಬೇತುದಾರರೂ ಬದಲಾದರೇ ಎಂಬುದನ್ನು ತಪ್ಪದೆ ಗಮನಿಸಿರಿ: 2016ರಲ್ಲಿ ಆರಂಭದಿಂದ ಕಣಕ್ಕಿಳಿದ ಏಳೂ ಪಂದ್ಯ ಸೋತಿದ್ದ ಕ್ವಾರ್ಟರ್‌ಬ್ಯಾಕ್ ಜೇರೆಡ್ ಗಾಫ್ ಮರುವರ್ಷ ಮಿಂಚಿದಾಗ, ರ್‍ಯಾಮ್ಸ್ ತಂಡಕ್ಕೆ ಹೊಸ ತಡೆಗಾರ, ಹೊಸ ರಿಸೀವರ್‌ಗಳಷ್ಟೇ ಅಲ್ಲದೆ ಶಾನ್ ಮೆಕ್‌ವೇ ಎಂಬ ಹೊಸ ಕೋಚ್ ಕೂಡ ಬಂದಿದ್ದರು.